ದಾದಿಯ ಲೈಸೆನ್ಸು ಯಾರ ಸ್ವತ್ತು?

ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಈಗ ವಾರಕ್ಕೆ ನಾಲ್ಕು ದಿನವೂ ಸರಿಯಾಗಿ ಪಾಳಿ ಸಿಗದೆ ಇರುವ ಹಿರಿಯರೊಬ್ಬರು ಕಳೆದ ಭಾನುವಾರ ನಮ್ಮ ಕಚೇರಿಗೆ ಬಂದರು. ಅವರ ಕೈಯಲ್ಲಿ ಮಡಿಸಿ ಮಡಿಸಿ ಗೆರೆ ಬಿದ್ದ ಒಂದು ಛಾಪಾಕಾಗದವಿತ್ತು. "ಮಗಳು ನರ್ಸ್ ಪಾಸಾಗ್ಯಾಳೆ. ನಾಳೆ ಕೆಲಸಕ್ಕೆ ಸೇರಬೇಕು. ಸೇರೋಕೆ ಮುಂಚೆ ನಾನೂ ಅವಳೂ ಇದಕ್ಕೆ ಸಹಿ ಹಾಕಬೇಕಂತೆ. ಸ್ವಲ್ಪ ಓದಿ ಹೇಳ್ರಿ" ಎಂದರು.

ಓದಿದೆವು. ಒಂದು ಖಾಸಗಿ ನರ್ಸಿಂಗ್ ಹೋಮಿನ ಕರಾರುಪತ್ರ ಅದು. ಹುಡುಗಿ ಎರಡು ವರ್ಷ ಕೆಲಸ ಬಿಡಕೂಡದು. ಬಿಟ್ಟರೆ ಐವತ್ತು ಸಾವಿರ ರೂಪಾಯಿ ದಂಡ ಕಟ್ಟಬೇಕು. ಅಲ್ಲಿಯವರೆಗೆ ಅವಳ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಡಿಪ್ಲೊಮಾ, ನರ್ಸಿಂಗ್ ಕೌನ್ಸಿಲಿನ ನೋಂದಣಿ ಪತ್ರ ಇವುಗಳ ಮೂಲಪ್ರತಿಗಳು ಆಸ್ಪತ್ರೆಯ ಬೀರುವಿನಲ್ಲಿರತಕ್ಕದ್ದು. ಪಗಾರ ತಿಂಗಳಿಗೆ ಒಂಬತ್ತು ಸಾವಿರ. ರಜೆಯ ಮಾತಾಗಲಿ, ಪಿ.ಎಫ್. ಮಾತಾಗಲಿ, ಇ.ಎಸ್.ಐ. ಮಾತಾಗಲಿ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಕೊನೆಯಲ್ಲಿ ಮಾತ್ರ, ಇದು ಸೇವಾ ಮನೋಭಾವದ ಪವಿತ್ರ ವೃತ್ತಿಯೆಂದು ತಿಳಿದು ಒಪ್ಪಿರುತ್ತೇನೆ ಎಂಬ ಒಕ್ಕಣೆ ಇತ್ತು!

ನಾವು ಓದಿ ಮುಗಿಸಿದ ಮೇಲೆ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಾನು ಮಿಲ್ಲಿಗೆ ಸೇರುವಾಗ ನನ್ನ ಹತ್ರ ಒಂದು ಕಾಗದಾನೂ ಇರಲಿಲ್ಲ. ಅದಕ್ಕೇ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಸಾಲ ಮಾಡಿ ಮಗಳಿಗೆ ಕಾಗದ ಮಾಡಿಸಿದೆ. ಈಗ ಆ ಕಾಗದಾನೇ ಕೇಳ್ತಾರಲ್ಲ!"

ಈ ಮಾತು ನಮ್ಮನ್ನು ವಾರವಿಡೀ ಕಾಡಿತು. ನಮ್ಮ ಓದುಗರಲ್ಲಿ ಎಷ್ಟೋ ಮನೆಗಳಲ್ಲಿ ಇಂದು ಇದೇ ಯೋಚನೆ ನಡೆಯುತ್ತಿದೆ. ಮಿಲ್ಲಿನ ಕೆಲಸ ಮುಂದಿನ ತಲೆಮಾರಿಗೆ ಇಲ್ಲವೆಂಬುದು ಗೊತ್ತಾಗಿದೆ. ಅಂಗಡಿಯ ಗಿರಾಕಿ ಪೇಟೆಯ ದೊಡ್ಡ ಮಳಿಗೆಗೂ ಮೊಬೈಲಿನ ಖರೀದಿಗೂ ಹಂಚಿ ಹೋಗಿದ್ದಾನೆ. ಪಿ.ಯು.ಸಿ. ಮುಗಿಸಿದ ಮಗಳನ್ನು ಎಲ್ಲಿಗೆ ಕಳಿಸುವುದು? ಡಾಕ್ಟರಿಕೆ ಕೈಗೆಟುಕುವುದಿಲ್ಲ. ಇಂಜಿನಿಯರಿಂಗ್ ಓದಿದವರು ಮನೆಯಲ್ಲಿ ಕುಳಿತಿದ್ದಾರೆ. ಉಳಿದದ್ದು ನರ್ಸಿಂಗ್. ಆದ್ದರಿಂದ ಈ ವಾರ ಈ ವಿಷಯವನ್ನೇ ತೆಗೆದುಕೊಂಡಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಮಕ್ಕಳನ್ನು ಈ ಕಸುಬಿಗೆ ಧಾರಾಳವಾಗಿ ಕಳಿಸಿ, ಆದರೆ ಇದನ್ನು ಪುಣ್ಯಕಾರ್ಯವೆಂದು ತಿಳಿದು ಕಳಿಸಬೇಡಿ, ಕಸುಬೆಂದೇ ತಿಳಿದು ಕಳಿಸಿ. ಲೈಸೆನ್ಸು ಕಲಿತವಳ ಸ್ವತ್ತು. ಅದು ಅವಳ ಕೈಯಲ್ಲಿಯೇ ಇರಬೇಕು. ಅದರ ಬೆನ್ನಿಗೆ ಒಂದು ಸಂಘವೂ ಇರಬೇಕು.

ಮೂರು ಮೆಟ್ಟಿಲು, ಒಂದು ಮೋಸ

ಮೊದಲು ಕಸುಬಿನ ಪರಿಚಯ. ನರ್ಸ್ ಎಂಬ ಒಂದೇ ಹೆಸರಿನ ಕೆಳಗೆ ನಮ್ಮಲ್ಲಿ ಮೂರು ಮೆಟ್ಟಿಲುಗಳಿವೆ.

ಕೆಳಗಿನದು ಎ.ಎನ್.ಎಂ. ಸಹಾಯಕ ದಾದಿ ಮತ್ತು ಸೂಲಗಿತ್ತಿ ಎಂದು ಇದರ ಅರ್ಥ. ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ, 1950ರ ದಶಕದ ಆರಂಭದಲ್ಲಿ, ದೇಶದಲ್ಲಿ ಈ ತರಬೇತಿ ಶುರುವಾಯಿತು. ಈಗಿನ ನಿಯಮದಂತೆ ಪಿ.ಯು.ಸಿ. ಆದ ಹೆಣ್ಣುಮಕ್ಕಳಿಗೆ ಹದಿನೆಂಟು ತಿಂಗಳ ಪಾಠ, ಆರು ತಿಂಗಳ ಆಸ್ಪತ್ರೆ ಕೆಲಸ, ಒಟ್ಟು ಎರಡು ವರ್ಷ. ಹಳ್ಳಿಗಳಲ್ಲಿ ಸುಮಾರು 5,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 3,000 ಜನಕ್ಕೊಂದು ಇರಬೇಕಾದ ಆರೋಗ್ಯ ಉಪಕೇಂದ್ರವನ್ನು ಹೊತ್ತು ನಿಂತವಳು ಇವಳೇ. ಕೂಸಿಗೆ ಲಸಿಕೆ ಹಾಕುವವಳು, ಬಸುರಿಯ ರಕ್ತ ಪರೀಕ್ಷೆ ನೋಡುವವಳು, ಮನೆ ಮನೆ ತಿರುಗಿ ಪಟ್ಟಿ ಬರೆಯುವವಳು ಇವಳು.

ಎರಡನೆಯದು ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಇದಕ್ಕೆ ಗಂಡುಮಕ್ಕಳೂ ಸೇರಬಹುದು. ನಮ್ಮ ರಾಜ್ಯದಲ್ಲಿ ಇದರ ಪರೀಕ್ಷೆಗೆ ಪ್ರತ್ಯೇಕ ಮಂಡಳಿಯೇ ಇದೆ. ಮೂರನೆಯದು ಬಿ.ಎಸ್ಸಿ. ನರ್ಸಿಂಗ್. ನಾಲ್ಕು ವರ್ಷದ ಪದವಿ, ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು. ರಾಜ್ಯದಲ್ಲಿ ಇದು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಯಾವುದನ್ನು ಮುಗಿಸಿದರೂ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ಆ ನೋಂದಣಿಯೇ ಲೈಸೆನ್ಸು. ಅದಿಲ್ಲದೆ ಬಿಳಿ ಕೋಟು ಹಾಕಿದವರು ಕಾನೂನಿನ ಕಣ್ಣಿಗೆ ದಾದಿಯರಲ್ಲ.

ಮೋಸ ಇರುವುದು ಇಲ್ಲಿಯೇ. ಬಸ್ ನಿಲ್ದಾಣದ ಸುತ್ತಮುತ್ತ ಮಾಳಿಗೆಯ ಮೇಲೆ ಎರಡು ಕೋಣೆ ಹಿಡಿದು, "ಆರು ತಿಂಗಳಲ್ಲಿ ನರ್ಸ್, ನೂರಕ್ಕೆ ನೂರು ಕೆಲಸ" ಎಂದು ಬೋರ್ಡು ಹಾಕುವವರನ್ನು ನಮ್ಮ ಓದುಗರು ನೋಡಿರಬಹುದು. ಅಲ್ಲಿ ಕೊಡುವ ಪ್ರಮಾಣಪತ್ರ ಎಷ್ಟೇ ಬಣ್ಣದ್ದಾಗಿರಲಿ, ಕೌನ್ಸಿಲಿನಲ್ಲಿ ಅದಕ್ಕೆ ನೋಂದಣಿ ಇಲ್ಲ. ಹುಡುಗಿ ಒಂದು ನರ್ಸಿಂಗ್ ಹೋಮಿನಲ್ಲಿ ಸೂಜಿ ಹಾಕುವುದನ್ನು ಕಲಿತಾಳು; ಆದರೆ ಅವಳ ಪಾಲಿಗೆ ಅದು ದಾದಿಯ ಕೆಲಸವಲ್ಲ, ದಾದಿಯ ಕೆಲಸದ ಅರೆಕೂಲಿ. ಏನಾದರೂ ಹೆಚ್ಚುಕಡಿಮೆಯಾದ ದಿನ ಮಾಲೀಕರು "ಇವಳು ನರ್ಸಲ್ಲ" ಎಂದು ಕೈತೊಳೆದುಕೊಳ್ಳುತ್ತಾರೆ. ರೋಗಿಯ ಪ್ರಾಣಕ್ಕೂ ಅಪಾಯ, ಹುಡುಗಿಯ ಬಾಳಿಗೂ ಅಪಾಯ. ಆದ್ದರಿಂದ ಫೀ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇದನ್ನು ಮುಗಿಸಿದರೆ ರಾಜ್ಯ ಕೌನ್ಸಿಲಿನಲ್ಲಿ ನೋಂದಣಿ ಆಗುತ್ತದೆಯೇ?" ಉತ್ತರ ತಡವರಿಸಿದರೆ ಎದ್ದು ಬನ್ನಿ.

ಮೆಟ್ಟಿಲು ಹತ್ತುವವರ ಲೆಕ್ಕವನ್ನೂ ನೋಡಿ. ಅನುಕೂಲವಿದ್ದ ಮನೆಯ ಹುಡುಗಿ ನೇರವಾಗಿ ಬಿ.ಎಸ್ಸಿ. ಸೇರಿದರೆ ನಾಲ್ಕು ವರ್ಷಕ್ಕೆ ಪದವೀಧರೆ. ಬಡವರ ಹುಡುಗಿ ಮೊದಲು ಎ.ಎನ್.ಎಂ. ಮಾಡಿ ಎರಡು ವರ್ಷ, ಆಮೇಲೆ ಜಿ.ಎನ್.ಎಂ.ಗೆ ಮೂರು ವರ್ಷ, ಅದರ ಮೇಲೆ ಡಿಪ್ಲೊಮಾದವರಿಗೆಂದೇ ಇರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಗೆ ಎರಡು ವರ್ಷ, ಹೀಗೆ ಏಳು ವರ್ಷ ಓದಿ ಅದೇ ಪದವಿಯನ್ನು ಮುಟ್ಟಬೇಕು. ನಡುವೆ ದುಡಿದ ವರ್ಷಗಳು ಬೇರೆ. ಉಪಕೇಂದ್ರದಲ್ಲಿ ಹತ್ತು ವರ್ಷ ಹೆರಿಗೆ ಮಾಡಿಸಿದವಳೂ ಜಿ.ಎನ್.ಎಂ. ಸೇರಿದರೆ ಹೊಸ ಹುಡುಗಿಯರ ಜೊತೆ ಮೊದಲ ಪಾಠದಿಂದ ಶುರುಮಾಡಬೇಕು. ಮೆಟ್ಟಿಲೇನೋ ಇದೆ, ಆದರೆ ಕೆಳಗಿನಿಂದ ಹತ್ತುವವರಿಗೆ ಅದು ಎತ್ತರ, ಮೇಲಿನಿಂದ ಹತ್ತುವವರಿಗೆ ಗಿಡ್ಡ.

ಏಳು ವೈದ್ಯರಿಗೆ ಒಬ್ಬ ದಾದಿ

ದಾದಿಯರ ಅಭಾವ ನಿನ್ನೆ ಮೊನ್ನೆಯದಲ್ಲ. 1946ರಲ್ಲಿ ಭೋರ್ ಸಮಿತಿ ತನ್ನ ವರದಿ ಕೊಟ್ಟಾಗ ಇಡೀ ದೇಶದಲ್ಲಿದ್ದ ದಾದಿಯರು ಸುಮಾರು 7,000. 6,300 ಜನಕ್ಕೆ ಒಬ್ಬ ವೈದ್ಯನಿದ್ದರೆ 43,000 ಜನಕ್ಕೆ ಒಬ್ಬ ದಾದಿ. ಅಂದರೆ ಹೆಚ್ಚುಕಡಿಮೆ ಏಳು ವೈದ್ಯರಿಗೆ ಒಬ್ಬ ದಾದಿ! ಮನೆ ಕಟ್ಟುವಲ್ಲಿ ಏಳು ಜನ ಮೇಸ್ತ್ರಿಗಳಿದ್ದು ಇಟ್ಟಿಗೆ ಇಡುವವನು ಒಬ್ಬನೇ ಆದರೆ ಗೋಡೆ ಏಳುವುದು ಹೇಗೆ?

ಅಭಾವಕ್ಕೆ ಕಾರಣವೇನೆಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಪರರ ಮೈ ಮುಟ್ಟುವ ಕೆಲಸ, ಮಲಮೂತ್ರದ ಕೆಲಸ, ರಾತ್ರಿ ಮನೆಯಿಂದ ಹೊರಗಿರುವ ಕೆಲಸ ಎಂದು ನಮ್ಮ ಸಮಾಜ ಈ ಕಸುಬನ್ನು ದೂರ ಇಟ್ಟಿತು. ಮಿಷನ್ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಕ್ರೈಸ್ತ ಹೆಣ್ಣುಮಕ್ಕಳೂ, ಬೇರೆ ಆಸರೆಯಿಲ್ಲದ ವಿಧವೆಯರೂ ಬಹುಕಾಲ ಈ ಹೊರೆಯನ್ನು ಹೊತ್ತರು. ಸತ್ಯ ಹೇಳಬೇಕೆಂದರೆ ನಮ್ಮ ಕಾರ್ಮಿಕ ಬಂಧುಗಳ ಮನಸ್ಸೂ ಪೂರ್ತಿ ತೊಳೆದಿಲ್ಲ. ಸಂಘದ ಸಭೆಯಲ್ಲಿ ಸಮಾನತೆಯ ಮಾತಿಗೆ ಚಪ್ಪಾಳೆ ತಟ್ಟುವವರು ಮಗನಿಗೆ ಹೆಣ್ಣು ನೋಡುವಾಗ "ನರ್ಸ್ ಸಂಬಂಧ ಬೇಡ, ರಾತ್ರಿ ಪಾಳಿ" ಎನ್ನುವುದನ್ನು ನಾವು ಕೇಳಿದ್ದೇವೆ. ಮಿಲ್ಲಿನ ಗಂಡಿಗೆ ರಾತ್ರಿ ಪಾಳಿ ಗೌರವ, ಆಸ್ಪತ್ರೆಯ ಹೆಣ್ಣಿಗೆ ಅದೇ ಪಾಳಿ ಅವಮಾನವೇ?

ಸೇವೆ ಎಂಬ ಮಾತಿನ ಬೆಲೆ

ಒಂದು ವಸ್ತು ಪೇಟೆಯಲ್ಲಿ ಕಡಿಮೆಯಾದರೆ ಅದರ ಬೆಲೆ ಏರುತ್ತದೆ ಎಂಬುದು ನಮ್ಮ ವ್ಯಾಪಾರಿ ಮಿತ್ರರಿಗೆ ಗೊತ್ತಿರುವ ಸಂಗತಿ. ದಾದಿಯರ ಅಭಾವ ಇದೆಯೆಂದು ಎಂಬತ್ತು ವರ್ಷದಿಂದ ಹೇಳುತ್ತಿದ್ದಾರೆ. ಹಾಗಿದ್ದರೆ ದಾದಿಯ ಕೂಲಿ ಏಕೆ ಏರಲಿಲ್ಲ?

ಏಕೆಂದರೆ ಅವಳ ಕೂಲಿಯ ಮಾತು ಬಂದಾಗಲೆಲ್ಲ ಸೇವೆಯ ಮಾತನ್ನು ಅಡ್ಡ ತರುತ್ತಾರೆ. 1854ರ ಕ್ರಿಮಿಯಾ ಯುದ್ಧಕ್ಕೆ ಹೋದ ಫ್ಲಾರೆನ್ಸ್ ನೈಟಿಂಗೇಲಳ ದೀಪವನ್ನು ಪ್ರತಿ ಮೇ 12ರಂದು ಎಲ್ಲ ಆಸ್ಪತ್ರೆಗಳಲ್ಲಿಯೂ ಹಚ್ಚುತ್ತಾರೆ. ಆದರೆ ಅದೇ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆದು ಇದನ್ನು ಕಲಿತು ಮಾಡುವ, ಸಂಬಳ ಪಡೆಯುವ ಕಸುಬನ್ನಾಗಿ ಮಾಡಿದಳೆಂಬುದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ. 2020ರ ಮಾರ್ಚ್ 22ರ ಸಂಜೆ ಕೊರೋನಾ ಕಾಲದಲ್ಲಿ ದೇಶವೆಲ್ಲ ಬಾಗಿಲಿಗೆ ಬಂದು ತಟ್ಟೆ ಬಡಿಯಿತು. ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂಮಳೆ ಸುರಿಯಿತು. ನಾವೂ ತಟ್ಟೆ ಬಡಿದೆವು, ತಪ್ಪೆನ್ನುವುದಿಲ್ಲ. ಆದರೆ ಹೂವಿನ ಎಸಳನ್ನು ಹಿಡಿದು ಅಂಗಡಿಗೆ ಹೋದರೆ ಯಾರೂ ಒಂದು ಸೇರು ಅಕ್ಕಿ ಅಳೆದು ಕೊಡುವುದಿಲ್ಲ.

ಕೆಲಸದ ಹೊರೆಯನ್ನೂ ನೋಡೋಣ. ನೇಯ್ಗೆ ಖಾತೆಯ ಹಳಬರಿಗೆ ನೆನಪಿದ್ದೀತು: ಎರಡು ಮಗ್ಗ ನೋಡುತ್ತಿದ್ದವನಿಗೆ ನಾಲ್ಕು ಮಗ್ಗ ಹಚ್ಚಲು ಹೊರಟಾಗ ದೇಶದ ಎಷ್ಟೊಂದು ಮಿಲ್ಲುಗಳಲ್ಲಿ ಜಗಳವಾಯಿತು! ಮಗ್ಗ ಹೆಚ್ಚಾದರೆ ದಾರ ಹರಿಯುತ್ತದೆ, ಬಟ್ಟೆ ಕೆಡುತ್ತದೆ ಎಂದು ನಾವು ವಾದಿಸಿದೆವು. ದಾದಿಯರಿಗೂ ಇಂಥ ಲೆಕ್ಕವಿದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ದಾದಿ, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂರು ರೋಗಿಗಳಿಗೆ ಒಬ್ಬಳು, ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬಳು ಇರಬೇಕು. ಅಂದರೆ ಮೂವತ್ತು ಹಾಸಿಗೆಯ ವಾರ್ಡಿಗೆ ಆರು ಜನ. ರಾತ್ರಿ ಹನ್ನೊಂದಕ್ಕೆ ಯಾವುದಾದರೂ ವಾರ್ಡಿಗೆ ಹೋಗಿ ಎಣಿಸಿ ನೋಡಿ. ಇಲ್ಲಿ ಹರಿಯುವುದು ದಾರವಲ್ಲ, ಕೆಡುವುದು ಬಟ್ಟೆಯಲ್ಲ. ಡ್ರಿಪ್ ಮುಗಿದ ಬಾಟಲಿ ಹಾಗೆಯೇ ತೂಗಾಡುತ್ತಿದ್ದರೆ, ಎದೆನೋವೆಂದು ಕೂಗಿದ ಮುದುಕನ ಹತ್ತಿರ ಹೋಗಲು ಅರ್ಧ ಗಂಟೆ ತಡವಾದರೆ, ಅದು ಅವಳ ಉದಾಸೀನವಲ್ಲ, ಲೆಕ್ಕ ತಪ್ಪಿಸಿದವರ ಅಪರಾಧ. ಅವಳ ಮೇಲೆ ಕೂಗಾಡುವ ಮುನ್ನ ನಾವು ಇದನ್ನು ನೆನೆಯಬೇಕು.

ವರದಿಯ ಮೇಲೆ ವರದಿ

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತು. ದಾದಿಯರ ಕೆಲಸದ ಸ್ಥಿತಿಗತಿಯನ್ನು 1954ರಲ್ಲಿ ಶೆಟ್ಟಿ ಸಮಿತಿ ನೋಡಿತು. 1987ರಲ್ಲಿ ಸರೋಜಿನಿ ವರದಪ್ಪನ್ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿ ಮತ್ತೆ ನೋಡಿಸಿದರು. ಮೂರನೆಯ ಬಾರಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಭಾರತೀಯ ತರಬೇತಾದ ದಾದಿಯರ ಸಂಘ ಹೂಡಿದ ಮೊಕದ್ದಮೆಯಲ್ಲಿ 2016ರ ಜನವರಿ 29ರಂದು ನ್ಯಾಯಾಲಯ ಖಾಸಗಿ ಆಸ್ಪತ್ರೆಗಳ ದಾದಿಯರ ಪರಿಸ್ಥಿತಿ ಪರಿಶೀಲಿಸಲು ಸಮಿತಿ ಮಾಡಿರೆಂದು ಕೇಂದ್ರಕ್ಕೆ ಆಜ್ಞೆ ಮಾಡಿತು.

ಆ ಸಮಿತಿಯ ಶಿಫಾರಸನ್ನು ನಮ್ಮ ಓದುಗರು ಬರೆದಿಟ್ಟುಕೊಳ್ಳಬೇಕು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ತನ್ನ ದಾದಿಗೆ ರಾಜ್ಯ ಸರ್ಕಾರದ ಅದೇ ದರ್ಜೆಯ ದಾದಿಯ ಸಂಬಳವನ್ನೇ ಕೊಡಬೇಕು. ನೂರರಿಂದ ಇನ್ನೂರು ಹಾಸಿಗೆಯಾದರೆ ಅದಕ್ಕಿಂತ ನೂರಕ್ಕೆ 10ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. ಐವತ್ತರಿಂದ ನೂರು ಹಾಸಿಗೆಯಾದರೆ ನೂರಕ್ಕೆ 25ಕ್ಕಿಂತ ಹೆಚ್ಚು ಕಡಿಮೆಯಾಗಬಾರದು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಸಣ್ಣ ಆಸ್ಪತ್ರೆಯಲ್ಲಿಯೂ ತಿಂಗಳಿಗೆ ರೂ. 20,000ಕ್ಕಿಂತ ಕಡಿಮೆ ಕೊಡಕೂಡದು. ಇದು 2016ರ ಮಾತು. ಆ ಹಿರಿಯರ ಮಗಳ ಕರಾರಿನಲ್ಲಿ ಬರೆದಿದ್ದು ಒಂಬತ್ತು ಸಾವಿರ!

ಹೀಗೇಕೆ? ಶಿಫಾರಸು ಕಾನೂನಲ್ಲ. ಕೇಂದ್ರ ಅದನ್ನು ರಾಜ್ಯಗಳಿಗೆ ಕಳಿಸಿತು. ರಾಜ್ಯಗಳು ಮನಸ್ಸು ಮಾಡಬೇಕು. 2023ರಲ್ಲಿ ಸಂಸತ್ತು 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಆಯೋಗದ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದು ಓದಿನ ಮಟ್ಟದ ಕಾಯ್ದೆ, ನೋಂದಣಿಯ ಕಾಯ್ದೆ, ಕೂಲಿಯ ಕಾಯ್ದೆಯಲ್ಲ. ದಾದಿ ಹೇಗೆ ಕಲಿಯಬೇಕೆಂಬುದಕ್ಕೆ ಆಯೋಗ ಬಂತು. ಕಲಿತ ಮೇಲೆ ಅವಳು ಏನು ಉಣ್ಣಬೇಕೆಂಬುದಕ್ಕೆ ಯಾವ ಆಯೋಗ ಬರುತ್ತದೆ?

ಸರ್ಕಾರಿ ಆಸ್ಪತ್ರೆಯಲ್ಲಿ ಖಾಯಂ ಆದವಳ ಸಂಬಳ ಚೆನ್ನಾಗಿಯೇ ಇದೆ, ನಿಜ. ಆದರೆ ಅಲ್ಲಿಯೂ ಗುತ್ತಿಗೆಯ ಬೇಲಿ ಎದ್ದಿದೆ. ಅದೇ ವಾರ್ಡು, ಅದೇ ರೋಗಿ, ಅದೇ ಸೂಜಿ. ಒಬ್ಬಳಿಗೆ ಪೂರ್ತಿ ಸಂಬಳ, ಪಕ್ಕದವಳಿಗೆ ವರ್ಷ ವರ್ಷ ಮುಂದುವರಿಸುವ ಗುತ್ತಿಗೆ. ಮಿಲ್ಲಿನಲ್ಲಿ ಬದಲಿ ಕಾರ್ಮಿಕರಾಗಿ ಹತ್ತು ವರ್ಷ ಗೇಟಿನ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೇರಳದಲ್ಲಿ ಆದದ್ದು, ಅಮೆರಿಕದಲ್ಲಿ ಆದದ್ದು

ಹಾಗಾದರೆ ಎಲ್ಲಿಯೂ ದಾರಿ ಕಂಡಿಲ್ಲವೇ? ಕಂಡಿದೆ. ನೆರೆಯ ಕೇರಳದ ಖಾಸಗಿ ಆಸ್ಪತ್ರೆಗಳ ದಾದಿಯರು 2011 ಮತ್ತು 2012ರಲ್ಲಿ ಒಂದಾದ ಮೇಲೊಂದು ಆಸ್ಪತ್ರೆಯಲ್ಲಿ ಮುಷ್ಕರ ಹೂಡಿದರು. ಕೈಯಲ್ಲಿ ಶಿಕ್ಷಣದ ಸಾಲ, ಬೀರುವಿನಲ್ಲಿ ಪ್ರಮಾಣಪತ್ರ, ಬಾಯಲ್ಲಿ ಸೇವೆಯ ಮಂತ್ರ, ಈ ಮೂರು ಹಗ್ಗಗಳನ್ನೂ ಬಿಚ್ಚಿಕೊಂಡು ಬೀದಿಗೆ ಬಂದ ಹೆಣ್ಣುಮಕ್ಕಳು ಅವರು. 2017ರಲ್ಲಿ ಮತ್ತೆ ಎದ್ದರು. ಕೊನೆಗೆ 2018ರ ಏಪ್ರಿಲಿನಲ್ಲಿ ಕೇರಳ ಸರ್ಕಾರ ಖಾಸಗಿ ಆಸ್ಪತ್ರೆಯ ದಾದಿಯ ಕನಿಷ್ಠ ಮೂಲವೇತನ ರೂ. 20,000 ಎಂದು ಅಧಿಸೂಚನೆ ಹೊರಡಿಸಿತು. ಸಮಿತಿಯ ಶಿಫಾರಸು ಎರಡೂ ರಾಜ್ಯಗಳಿಗೆ ಒಂದೇ. ಅಲ್ಲಿ ಅದು ಸರ್ಕಾರದ ಅಧಿಸೂಚನೆಯಾಗಲು ಮುಷ್ಕರ ಬೇಕಾಯಿತು.

ಇನ್ನೊಂದು ಉದಾಹರಣೆ ಬಹುದೂರದ್ದು. ಆದರೆ ಲೈಸೆನ್ಸಿನ ವಿಚಾರದಲ್ಲಿ ನಮಗೆ ತುಂಬ ಹತ್ತಿರದ್ದು. ಅಮೆರಿಕದಲ್ಲಿ ನಮ್ಮ ಎ.ಎನ್.ಎಂ.ಗೆ ಸಮೀಪದ ಒಂದು ದರ್ಜೆ ಇದೆ. ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್ ಎನ್ನುತ್ತಾರೆ. ಸುಮಾರು ಒಂದು ವರ್ಷದ ಓದು, ಆಮೇಲೆ ಲೈಸೆನ್ಸಿನ ಪರೀಕ್ಷೆ, ದೊಡ್ಡ ದಾದಿ ಇಲ್ಲವೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ. ದುಡಿಯುತ್ತಲೇ ಮುಂದಿನ ದರ್ಜೆಗೆ ಓದುವವರಿಗೆ ಮೊದಲು ಕಲಿತದ್ದನ್ನು ಲೆಕ್ಕಕ್ಕೆ ಹಿಡಿದು ಓದಿನ ಅವಧಿ ಕಡಿಮೆ ಮಾಡುವ ಸೇತುವೆ ಪಾಠಗಳೂ ಅಲ್ಲಿವೆ. ನಮ್ಮ ಏಳು ವರ್ಷದ ಮೆಟ್ಟಿಲಿಗೆ ಇಂಥ ಸೇತುವೆ ಬೇಕು.

ಆದರೆ ಅಲ್ಲಿಯೂ ಲೈಸೆನ್ಸೊಂದೇ ಸಾಲಲಿಲ್ಲ. ಮೇರಿ ಮೌಲ್ಟ್ರಿ ಎಂಬ ಕರಿಯ ಹೆಣ್ಣುಮಗಳು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಈ ದರ್ಜೆಯ ದಾದಿಯಾಗಿ ದುಡಿದು, ತನ್ನೂರಾದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ನಿಗೆ ಹಿಂತಿರುಗಿದಳು. ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆ ಅವಳ ಅರ್ಹತೆಯನ್ನು ಒಪ್ಪದೆ ಕೆಳಗಿನ ಸಹಾಯಕಿಯ ಕೆಲಸ ಕೊಟ್ಟಿತು. ಅಂಥ ಕೆಲಸದವರಿಗೆ ಗಂಟೆಗೆ 1 ಡಾಲರ್ 30 ಸೆಂಟ್ ಕೂಲಿ. ಅವಳು ಸಂಗಡಿಗರನ್ನು ಕೂಡಿಸಿದಳು. ಹನ್ನೆರಡು ಜನರನ್ನು ಕೆಲಸದಿಂದ ತೆಗೆದರು. 1969ರ ಮಾರ್ಚ್ 20ರಂದು ನಾನೂರಕ್ಕೂ ಹೆಚ್ಚು ಕೆಲಸಗಾರರು ಮುಷ್ಕರಕ್ಕಿಳಿದರು; ಬಹುತೇಕ ಎಲ್ಲರೂ ಕರಿಯ ಹೆಂಗಸರು. ಸೈನ್ಯ ಬಂತು, ನೂರಾರು ಜನ ಸೆರೆಮನೆ ಕಂಡರು. ಹಿಂದಿನ ವರ್ಷವಷ್ಟೇ ಕೊಲೆಯಾಗಿದ್ದ ಮಾರ್ಟಿನ್ ಲೂಥರ್ ಕಿಂಗರ ಪತ್ನಿ ಕೊರೆಟ್ಟಾ ಕಿಂಗ್ ಬಂದು ಅವರ ಜೊತೆ ನಡೆದರು. ನೂರು ದಿನದ ಮೇಲೆ ತೆಗೆದವರನ್ನು ಮತ್ತೆ ಸೇರಿಸಿಕೊಂಡರು, ಕೂಲಿ ಏರಿಸಿದರು. ಸಂಘಕ್ಕೆ ಮಾನ್ಯತೆ ಮಾತ್ರ ಸಿಗಲಿಲ್ಲ. ಪೂರ್ತಿ ಗೆಲುವೆಂದು ನಾವು ಹೇಳುವುದಿಲ್ಲ. ಆದರೆ ಒಂಟಿಯಾಗಿ ತೋರಿಸಿದಾಗ ಬೆಲೆಯಿಲ್ಲದಿದ್ದ ಅವಳ ಅರ್ಹತೆ, ನಾನೂರು ಜನ ಕೂಡಿ ನಿಂತಾಗ ಊರಿಗೇ ಕಾಣಿಸಿತು.

ಮಾಲೀಕರ ಮಾತು

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಕೇಳಬೇಕು. ಸಣ್ಣ ನರ್ಸಿಂಗ್ ಹೋಮಿನ ವೈದ್ಯರು ಹೇಳುವುದುಂಟು: "ನಾವೂ ಸಾಲಗಾರರೇ. ಇಪ್ಪತ್ತು ಸಾವಿರ ಕೊಟ್ಟರೆ ಬಾಗಿಲು ಹಾಕಬೇಕು. ಹುಡುಗಿಯರಿಗೆ ನಾವು ಕೆಲಸ ಕಲಿಸುತ್ತೇವೆ. ಕಲಿತ ಕೂಡಲೇ ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹಾರಿಹೋಗುತ್ತಾರೆ. ಅದಕ್ಕೇ ಕಾಗದ ಇಟ್ಟುಕೊಳ್ಳುತ್ತೇವೆ."

ಸಾಲದ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಸ್ಕ್ಯಾನಿಂಗ್ ಯಂತ್ರದ ಕಂತನ್ನು ಬ್ಯಾಂಕಿಗೆ ತಾರೀಖು ತಪ್ಪದೆ ಕಟ್ಟುವವರು, ಆ ಯಂತ್ರದ ಪಕ್ಕದಲ್ಲಿ ನಿಂತವಳ ಪಗಾರಕ್ಕೆ ಮಾತ್ರ ಕಷ್ಟ ಹೇಳುವುದೇಕೆ? ಬ್ಯಾಂಕಿಗೆ ಬಲವಿದೆ, ಹುಡುಗಿಗೆ ಇಲ್ಲ, ವ್ಯತ್ಯಾಸ ಅಷ್ಟೇ. ಇನ್ನು ಬಿಟ್ಟುಹೋಗುವ ಮಾತು. ಹೊಟ್ಟೆ ತುಂಬ ಕೊಡುವ ಮನೆಯನ್ನು ಯಾರು ಬಿಟ್ಟು ಹೋಗುತ್ತಾರೆ? ಒಳ್ಳೆಯ ಪಗಾರ ಕೊಟ್ಟು ಹತ್ತು ವರ್ಷ ಅದೇ ದಾದಿಯರನ್ನು ಉಳಿಸಿಕೊಂಡ ಸಣ್ಣ ಆಸ್ಪತ್ರೆಗಳೂ ಇವೆ. ರೋಗಿಗಳು ಅವರನ್ನು ಹೆಸರು ಹಿಡಿದು ಕೇಳಿಕೊಂಡು ಹೋಗುತ್ತಾರೆ. ಎತ್ತನ್ನು ಮೇವು ಹಾಕಿ ನಿಲ್ಲಿಸಿಕೊಳ್ಳಬೇಕೇ ಹೊರತು ಬರೀ ಹಗ್ಗ ಬಿಗಿದು ಅಲ್ಲ.

ನಮ್ಮ ಚಿಲ್ಲರೆ ವ್ಯಾಪಾರಿ ಮಿತ್ರರು "ಇದು ಕೂಲಿಯವರ ವಿಷಯ, ನಮಗೇನು?" ಎನ್ನಬಾರದು. ಮಿಲ್ಲಿನ ಬಟವಾಡೆಯ ದಿನ ನಿಮ್ಮ ಅಂಗಡಿಯಲ್ಲಿ ಉದ್ರಿ ತೀರುತ್ತಿದ್ದ ಕಾಲವನ್ನು ನೆನಪು ಮಾಡಿಕೊಳ್ಳಿ. ಆ ಬಟವಾಡೆ ಬತ್ತಿದಂತೆಲ್ಲ ನಿಮ್ಮ ಗಲ್ಲಾಪೆಟ್ಟಿಗೆಯೂ ಬತ್ತಿತು. ಇಂದು ಪಟ್ಟಣದಲ್ಲಿ ದೊಡ್ಡದಾಗಿ ಬೆಳೆಯುತ್ತಿರುವ ದುಡಿಮೆಯೆಂದರೆ ಆಸ್ಪತ್ರೆಯ ದುಡಿಮೆ. ಅಲ್ಲಿನ ನೂರಾರು ಹುಡುಗಿಯರಿಗೆ ಒಂಬತ್ತು ಸಾವಿರ ಸಿಕ್ಕರೆ ಅವರು ನಿಮ್ಮಲ್ಲಿ ಉದ್ರಿ ಬರೆಸುತ್ತಾರೆ. ಇಪ್ಪತ್ತು ಸಾವಿರ ಸಿಕ್ಕರೆ ನಗದು ಕೊಟ್ಟು ಒಯ್ಯುತ್ತಾರೆ.

ಮಾಡಬೇಕಾದ್ದೇನು?

ಮಗಳನ್ನೋ ಮಗನನ್ನೋ ಈ ಕಸುಬಿಗೆ ಕಳಿಸುವವರಿಗೆ ನಮ್ಮ ಸಲಹೆ ಇಷ್ಟು.

ಒಂದು, ಶಾಲೆ ಆರಿಸುವಾಗ ಮಾನ್ಯತೆಯ ಪತ್ರವನ್ನು ಕಣ್ಣಾರೆ ನೋಡಿ. ರಾಜ್ಯ ಕೌನ್ಸಿಲಿನಲ್ಲಿ ವಿಚಾರಿಸಿ. ಮಕ್ಕಳು ಯಾವ ಆಸ್ಪತ್ರೆಯಲ್ಲಿ ಕೈಕೆಲಸ ಕಲಿಯುತ್ತಾರೆಂದು ಕೇಳಿ. ರೋಗಿಯಿಲ್ಲದ ಶಾಲೆಯಲ್ಲಿ ದಾದಿಯಾಗಲು ಬರುವುದಿಲ್ಲ. ಸಮವಸ್ತ್ರ, ಹಾಸ್ಟೆಲು, ಪರೀಕ್ಷೆ ಎಲ್ಲ ಸೇರಿ ಒಟ್ಟು ಫೀ ಎಷ್ಟೆಂದು ಬರವಣಿಗೆಯಲ್ಲಿ ಪಡೆಯಿರಿ.

ಎರಡು, ಸಾಲಕ್ಕೆ ಓಡುವ ಮೊದಲು ನಿಮ್ಮ ಹಕ್ಕಿನ ನೆರವನ್ನು ಕೇಳಿ. ಸಂಘಟಿತ ಕಾರ್ಮಿಕರ ಮಕ್ಕಳಿಗೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿ ಶೈಕ್ಷಣಿಕ ಧನಸಹಾಯ ಕೊಡುತ್ತದೆ. ನಿಮ್ಮ ಸಂಬಳದಿಂದ ವಂತಿಗೆ ಮುರಿದುಕೊಂಡ ಹಣವೂ ಅದರಲ್ಲಿದೆ; ಅದು ಭಿಕ್ಷೆಯಲ್ಲ.

ಮೂರು, ಕೆಲಸಕ್ಕೆ ಸೇರುವಾಗ ಮೂಲಪತ್ರಗಳನ್ನು ತೋರಿಸಿ, ನಕಲು ಕೊಟ್ಟು, ಮೂಲವನ್ನು ಮನೆಗೆ ತನ್ನಿ. ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಬಗ್ಗೆ ನಮ್ಮ ತಕರಾರುಗಳು ಬಹಳ ಇವೆ; ಆದರೆ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಬೇಕೆಂಬ ಮಾತು ಅವುಗಳಲ್ಲಿದೆ. ಇದ್ದದ್ದನ್ನು ಬಳಸಿಕೊಳ್ಳೋಣ. ಪಿ.ಎಫ್., ಇ.ಎಸ್.ಐ. ಉಂಟೇ ಎಂದು ಮೊದಲ ದಿನವೇ ಕೇಳಿ.

ನಾಲ್ಕು, ಇದೇ ಮುಖ್ಯವಾದದ್ದು. ಇವುಗಳಲ್ಲಿ ಯಾವುದನ್ನೂ ಒಬ್ಬ ಹುಡುಗಿ ಒಬ್ಬಳೇ ಕೇಳಿ ಗೆಲ್ಲಲಾರಳು. ಅವಳು ಕಾಗದ ಕೊಡುವುದಿಲ್ಲವೆಂದರೆ ಮಾಲೀಕರು ಕೊಡುವ ಇನ್ನೊಬ್ಬಳನ್ನು ಕರೆಯುತ್ತಾರೆ. ನಮ್ಮ ಮಿಲ್ಲುಗಳಲ್ಲಿಯೂ ಹಾಗೆಯೇ ಇತ್ತು. 48 ಗಂಟೆಯ ವಾರ, ತುಟ್ಟಿಭತ್ಯೆ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಯಲ್ಲಿ ಶುರುವಾದ ಇ.ಎಸ್.ಐ. ಇವೆಲ್ಲ ಯಾರ ಔದಾರ್ಯದಿಂದಲೂ ಬಂದವಲ್ಲ. ಆದ್ದರಿಂದ ಮಿಲ್ ಕಾರ್ಮಿಕರ ಸಂಘಗಳಿಗೆ ನಮ್ಮದೊಂದು ಸೂಚನೆ: ಊರಿನ ದಾದಿಯರನ್ನು ಒಂದು ಭಾನುವಾರ ನಿಮ್ಮ ಸಂಘದ ಕೊಠಡಿಗೆ ಕರೆಯಿರಿ. ಭಾಷಣ ಮಾಡಬೇಡಿ, ಅವರ ಮಾತನ್ನು ಕೇಳಿ. ಪಾಳಿ ಮುಗಿಸಿ ಬರುವವರಿಗೆ ಚಹ ಕೊಡಿ. ನಿಮ್ಮ ಹಳೆಯ ಕರಾರುಗಳನ್ನೂ ಅರ್ಜಿಗಳನ್ನೂ ತೆಗೆದು ತೋರಿಸಿ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯುವುದು ಹೇಗೆಂದು ನಿಮಗೆ ಗೊತ್ತು. ಅವರಿಗೆ ಇನ್ನೂ ಗೊತ್ತಿಲ್ಲ. ಅವರಲ್ಲಿ ಅರ್ಧಕ್ಕರ್ಧ ನಿಮ್ಮ ಮಕ್ಕಳೇ.

ಆ ಹಿರಿಯರಿಗೆ ನಾವು ಇದನ್ನೆಲ್ಲ ಹೇಳಿದೆವು. ಸಹಿ ಹಾಕಬೇಡಿರೆಂದೂ ಹೇಳಿದೆವು. "ನೀವು ಹೇಳೋದು ಖರೆ. ಆದ್ರೆ ಸಾಲದ ಕಂತು ಹತ್ತನೇ ತಾರೀಖಿಗೆ ಬರುತ್ತಲ್ಲ" ಎಂದು ಕಾಗದವನ್ನು ಮತ್ತೆ ಮಡಿಸಿ ಜೇಬಿಗಿಟ್ಟುಕೊಂಡು ಹೊರಟರು. ಅವರು ಸಹಿ ಹಾಕಿದ್ದರೆ ನಾವು ಅವರನ್ನು ಬೈಯಲಾರೆವು. ಸಂಘವಿಲ್ಲದ ಕಡೆ ಬಡವನ ಸಹಿ ಸಾಲದ ತಾರೀಖಿನ ಸಹಿಯೇ. ಹತ್ತನೇ ತಾರೀಖಿನ ಭಯವಿಲ್ಲದೆ ಇಂಥ ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದು ಬರುವ ಬಲವನ್ನು ಊರಿನ ದಾದಿಯರಿಗೆ ಕೊಡುವುದು ನಮ್ಮ ಕೈಯಲ್ಲಿದೆ, ಮಿಲ್ಲಿನ ಮತ್ತು ಮಂಡಿಯ ದುಡಿಯುವ ಜನರೆಲ್ಲರ ಕೈಯಲ್ಲಿದೆ. ಯಾವ ಸಂಘ ಮೊದಲು ಆ ಭಾನುವಾರದ ಸಭೆ ಕರೆಯುತ್ತದೆಯೋ, ಅದರ ಸುದ್ದಿಯನ್ನು ನಾವು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.